ನೀಲಿ ತೇಪೆಯ ಚೀಲ

ಡೆವನ್, ಇಂಗ್ಲೆಂಡ್, ಸೆಪ್ಟೆಂಬರ್ 1766

ಹ್ಯಾಲೆಟ್ ಯಜಮಾನರಿಗೆ ಲೇಸ್ ಹೆಣೆಯುವ ಟಾಮ್ಸಿನ್ ಮಾಡುವ ವಂದನೆಗಳು.

ಊರು ಹಸಿದಿರುವಾಗ ಹಡಗೇರಲು ಬಂದರಿಗೆ ಹೊರಟಿದ್ದ ನಿಮ್ಮ ಗೋಧಿಯನ್ನು ಶನಿವಾರ ನಾವು ಹೆಂಗಸರು ದಾರಿಯಲ್ಲೇ ತಡೆದು, ಸಂತೆಯಲ್ಲಿ, ಬೆಲೆ ಏರುವ ಮುಂಚಿನ ಹಳೆಯ ಧಾರಣೆಗೆ ಮಾರಿದೆವು. ಹಣವನ್ನು ಅಂದೇ ನಿಮ್ಮ ಕೈಗಿಟ್ಟೆವು. ಚೀಲಗಳನ್ನು ಒಗೆದು ಒಣಗಿಸಿ ಇಂದು ಕಳಿಸಿದ್ದೇನೆ. "ಲೂಟಿಕೋರ ಹೆಂಗಸರಾ, ಅಳತೆನಾದ್ರೂ ನೆಟ್ಟಗೆ ಅಳೀರೇ!" ಎಂದು ನೀವು ಗಾಡಿಯ ಮೇಲಿಂದ ಕೂಗಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಆಮೇಲೆ ಸಿಪಾಯಿಗಳ ಜೊತೆ ಬಂದ ಮ್ಯಾಜಿಸ್ಟ್ರೇಟರು, "ನೀಲಿ ಏಪ್ರನ್ ತೊಟ್ಟು ಮುಂದೆ ನಿಂತಿದ್ದೋಳು ಯಾರಯ್ಯಾ? ತೋರಿಸು" ಎಂದು ನಿಮ್ಮನ್ನು ಕೇಳಿದಾಗ, ನಾನು ಏಪ್ರನ್ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಿಮ್ಮೆದುರೇ ನಿಂತಿದ್ದೆ. ನೀವು ನನ್ನನ್ನು ನೋಡಿದಿರಿ.

"ನನ್ನ ಗೋಧಿ ನಾನೇ ಮಾರಿಸ್ದೆ ಸ್ವಾಮಿ. ಇವ್ರೆಲ್ಲ ನನ್ನ ಗಿರಾಕಿಗಳು."

ಆ ಒಂದು ಮಾತಿಲ್ಲದಿದ್ದರೆ ನನ್ನ ಕೊರಳಿಗೆ ಹಗ್ಗ ಬೀಳುತ್ತಿತ್ತು. ಈ ವಾರ ನನ್ನ ಮಕ್ಕಳು ಬ್ರೆಡ್ ತಿಂದರು, ಅದೂ ಅವರಮ್ಮನ ಕೈಯಿಂದಲೇ ತಿಂದರು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬಾರದು.

ಎಳೆದಾಟದಲ್ಲಿ ಒಂದು ಚೀಲ ಹರಿದಿತ್ತು. ಆ ಏಪ್ರನ್ನನ್ನು ಇನ್ನು ತೊಡುವಂತಿಲ್ಲವಲ್ಲ, ಅದನ್ನೇ ಕತ್ತರಿಸಿ ತೇಪೆ ಹಾಕಿದ್ದೇನೆ. ದಯವಿಟ್ಟು ಆ ಚೀಲವನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಉಳಿದವುಗಳಲ್ಲಿ ಗೋಧಿ ತುಂಬಿಕೊಂಡು ಶನಿವಾರ ಸಂತೆಗೆ ಬನ್ನಿ, ನಾನೇ ಮೊದಲು ಕೊಳ್ಳುತ್ತೇನೆ.

ಈಗ ನಾನು ತೊಡುವುದು ಕಂದು ಏಪ್ರನ್. ಗಾಡಿ ಮತ್ತೆ ಬಂದರಿನ ಕಡೆ ತಿರುಗಿದರೆ ದಾರಿಯಲ್ಲಿ ನಿಮಗೆ ಗುರುತು ಸಿಗಲಿ ಎಂದು ಹೇಳಿದೆ.

ಇಂತಿ ನಿಮ್ಮ ಗಿರಾಕಿ,
ಟಾಮ್ಸಿನ್