ಮೂರನೆಯ ಗಾಜಿನ ಪಟ್ಟಿ

ಕಟ್ಟಡಗಳ ಸುರಕ್ಷತೆಯ ಹೊಣೆ ಹೊತ್ತಿರುವ ಅಧಿಕಾರಿಗಳೇ,

ನಿಮ್ಮ ಕಚೇರಿಯ ಹಿಂಬದಿಯ ಕಟ್ಟಡದ ಗೋಡೆ ಬಾಯಿ ಬಿಡುತ್ತಿದೆ. ಅದರ ಕೆಳಮಹಡಿಯಲ್ಲಿ ನಿಮ್ಮದೇ ನೌಕರರ ಇಪ್ಪತ್ತಾರು ಪುಟ್ಟ ಮಕ್ಕಳು ದಿನವಿಡೀ ಇರುತ್ತಾರೆ. ಎರಡು ಸಲ ಬರೆದುಕೊಟ್ಟರೂ ತಾವು ಕಿವಿಗೆ ಹಾಕಿಕೊಳ್ಳದ ಕಾರಣ ಈಗ ಊರಿನ ಮುಂದೆಯೇ ಬರೆಯುತ್ತಿದ್ದೇನೆ.

ನಾನು ಯಾರೆಂಬುದು ತಮ್ಮ ಕಡತದಲ್ಲಿದೆ. ಕಳೆದ ವರ್ಷ ಮಾರುಕಟ್ಟೆಯ ಮೆಟ್ಟಿಲು ಕುಸಿದಾಗ ಬದುಕಿ ಉಳಿದ ಒಂಬತ್ತು 'ಫಲಾನುಭವಿ'ಗಳಲ್ಲಿ ಒಬ್ಬಳು. ವೃತ್ತಿಯಿಂದ ದರ್ಜಿ. ಬಟ್ಟೆಯ ಗಂಟು ಹೊತ್ತು ನನಗಿಂತ ನಾಲ್ಕು ಮೆಟ್ಟಿಲು ಮುಂದಿದ್ದ ನನ್ನ ನಾದಿನಿ ಮರಳಿ ಬರಲಿಲ್ಲ. ಉಳಿದವರ ಮನಸ್ಸು ಸರಿಹೋಗಲೆಂದು ತಾವು ದೊಡ್ಡ ಮನಸ್ಸು ಮಾಡಿ ಮಕ್ಕಳಿರುವ ಈ ಕಟ್ಟಡದ ಮೇಲಿನ ಕೋಣೆ ಕೊಟ್ಟಿರಿ. ಪ್ರತಿ ಗುರುವಾರ ಮಧ್ಯಾಹ್ನ ಆಪ್ತಸಲಹೆ. ಮೊದಲ ತಿಂಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರಿಗೂ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಹಣ್ಣು ಮಾರುವ ಅಜ್ಜಿ ಕಿತ್ತಳೆ ಸುಲಿದು ಎಲ್ಲರ ಕೈಗೂ ಎರಡೆರಡು ತೊಳೆ ಇಡುತ್ತಿದ್ದರು. ತಿನ್ನಲು ಶುರುಮಾಡಿದ ಮೇಲೆ ಮಾತೂ ಶುರುವಾಯಿತು.

ಒಂದು ಗುರುವಾರ ಅಜ್ಜಿ ತಲೆ ತಗ್ಗಿಸಿ ಹೇಳಿದರು: "ಆ ಮೆಟ್ಟಿಲು ಬಿರುಕು ಬಿಟ್ಟಿದ್ದನ್ನ ನಾನು ನೋಡಿದ್ದೆ ಕಣಮ್ಮ. ಯಾರಾದ್ರೂ ಹೇಳಿರ್ತಾರೆ ಬಿಡು ಅಂದ್ಕೊಂಡೆ."

ಆಮೇಲೆ ಒಬ್ಬೊಬ್ಬರಾಗಿ ಒಪ್ಪಿಕೊಂಡೆವು. ಒಂಬತ್ತು ಜನರೂ ನೋಡಿದ್ದೆವು. ನಾನು ಹದಿನೈದು ದಿನ ಆ ಬಿರುಕನ್ನು ದಾಟಿಕೊಂಡೇ ಓಡಾಡಿದ್ದೆ. ಬೇರೆ ಯಾರೋ ಹೇಳಿರುತ್ತಾರೆಂದು ಎಲ್ಲರೂ ಸುಮ್ಮನಿದ್ದೆವು. ಅಂದು ಬಿಕ್ಕಿ ಬಿಕ್ಕಿ ಅತ್ತೆವು. ನನಗೆ ಒಂದಿಷ್ಟು ನಿದ್ದೆ ಹತ್ತತೊಡಗಿದ್ದೂ ಅಂದಿನಿಂದಲೇ.

ಆದ್ದರಿಂದ ಆ ಕೋಣೆಯ ಗೋಡೆಯಲ್ಲೇ ಬಿರುಕು ಕಂಡಾಗ ಸುಮ್ಮನಿರುವುದು ನಮ್ಮಿಂದಾಗಲಿಲ್ಲ. ನಮ್ಮ ಗುಂಪಿನ ಗಾರೆ ಮೇಸ್ತ್ರಿ ತೆಳು ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಸಿಮೆಂಟಿನಲ್ಲಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆದರು. ಗೋಡೆ ಅಲುಗದಿದ್ದರೆ ಗಾಜು ಉಳಿಯುತ್ತದೆ. ಅದು ಮೂರು ವಾರಕ್ಕೆ ಒಡೆಯಿತು. ಎರಡನೆಯದು ಒಂದೇ ವಾರಕ್ಕೆ. "ಇದು ನಿಂತಿರೋ ಬಿರುಕಲ್ಲ ಅಕ್ಕ, ನಡೀತಾ ಇದೆ," ಎಂದರು ಮೇಸ್ತ್ರಿ.

ಎರಡು ಸಲ ಗಾಜು ಒಡೆದಾಗಲೂ ತಮಗೆ ಬರೆದುಕೊಟ್ಟೆವು. ತಮ್ಮ ಉತ್ತರ ಬಂತು: "ಅರ್ಜಿದಾರರ ಆತಂಕವು ಹಿಂದಿನ ಆಘಾತದ ಪರಿಣಾಮವಾಗಿದ್ದು, ಆಪ್ತಸಲಹೆಯನ್ನು ಇನ್ನೂ ಆರು ವಾರ ವಿಸ್ತರಿಸಲಾಗಿದೆ." ಎಲ್ಲಿ? ಅದೇ ಕೋಣೆಯಲ್ಲಿ. ಗಾಜಿಗೂ ಆಘಾತವಾಗಿತ್ತೇ ಸ್ವಾಮಿ? ಅದಕ್ಕೂ ಆರು ವಾರದ ಆಪ್ತಸಲಹೆ ಉಂಟೇ? ಬಳಿಕ ತಮ್ಮವರು ಬಂದು ಒಡೆದ ಗಾಜು ಕಿತ್ತು, ಬಿರುಕಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು ಹೋದರು. ಕಡತದಲ್ಲಿ ಗೋಡೆ ಈಗ ಗುಣಮುಖವಾಗಿರಬೇಕು.

ಕಳೆದ ಗುರುವಾರ ಮೇಸ್ತ್ರಿ ಆ ಬಣ್ಣ ಕೆರೆದು ಮೂರನೆಯ ಗಾಜು ಕೂರಿಸಿದರು. ಶನಿವಾರ ಬೆಳಿಗ್ಗೆ ಹೋಗಿ ನೋಡಿದೆ. ಒಡೆದಿತ್ತು. ಇಳಿದು ಬರುವಾಗ ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮ ಅವರ ಕೋಣೆಯ ಬಾಗಿಲಿಗೆ ಭುಜ ಕೊಟ್ಟು ತಳ್ಳುತ್ತಿದ್ದರು. ಚೌಕಟ್ಟು ಒಂದು ಕಡೆ ಕುಸಿದು ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಯಾವಾಗಿನಿಂದ ಹೀಗೆ ಎಂದು ಕೇಳಿದೆ.

"ಹದಿನೈದು ದಿನ ಆಯ್ತು. ಯಾರಾದ್ರೂ ಹೇಳಿರ್ತಾರೆ ಬಿಡಿ," ಎಂದರು.

ನೇರ ಮನೆಗೆ ಬಂದು ಈ ಪತ್ರ ಬರೆಯಲು ಕೂತೆ. ಬೇಡಿಕೆ ಒಂದೇ: ಇದನ್ನು ಓದಿದ ಕೂಡಲೇ ಮಕ್ಕಳನ್ನು ಹೊರಗೆ ಕಳಿಸಿ, ಆ ಕಟ್ಟಡಕ್ಕೆ ಬೀಗ ಹಾಕಿಸಿ. ಸಮಿತಿ, ಪರಿಶೀಲನೆ, ವರದಿ ಎಲ್ಲ ಆಮೇಲಾಗಲಿ. ಬೀಗ ಬೀಳುವವರೆಗೆ ನಾವು ಒಂಬತ್ತು ಜನ ಸೋಮವಾರದಿಂದ ದಿನಾ ಬೆಳಿಗ್ಗೆ ಆ ಬಾಗಿಲ ಮುಂದೆ ನಿಂತು, ಮಕ್ಕಳನ್ನು ಬಿಡಲು ಬರುವ ಪ್ರತಿಯೊಬ್ಬರಿಗೂ ಒಡೆದ ಗಾಜು ತೋರಿಸುತ್ತೇವೆ. ನಮಗೆ ತಲೆ ಕೆಟ್ಟಿದೆಯೆಂದು ಬರೆದುಕೊಳ್ಳಿ, ಪರವಾಗಿಲ್ಲ. ಯಾರೂ ಹೇಳಿರಲಿಲ್ಲ ಎಂದು ಮಾತ್ರ ಇನ್ನು ಬರೆಯುವಂತಿಲ್ಲ.

ಇಂತಿ,
ಹಿಂದಿನ ಸಲ ಬಾಯಿ ಮುಚ್ಚಿಕೊಂಡಿದ್ದ ದರ್ಜಿಯಮ್ಮ