ಟಕ್ಕರನ ಮುಂಗಾಲು

ಸಸ್ಕಾಚೆವಾನ್
ಜೂನ್ 19, ಭಾನುವಾರ

ವೆಂಡೆಲ್,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ನಿನ್ನ ನಾಯಿ ಬದುಕಿದೆ, ಅದನ್ನು ಮೊದಲು ತಿಳಿಸುತ್ತೇನೆ. ಮುಂಗಾಲಿನ ಒಂದು ಬೆರಳು ಹೋಯಿತು. ಪಾದ ಉಳಿಯಿತು.

ನೀನು ನಿನ್ನ ಅಣ್ಣನ ಮನೆಗೆ ಹೊರಟುಹೋದ ಮೇಲೆ ಮೂರು ದಿನ ಟಕ್ಕರನನ್ನು ಟ್ರ್ಯಾಕ್ಟರ್ ಶೆಡ್ಡಿನಲ್ಲೇ ಕಟ್ಟಿಹಾಕಿದ್ದೆ. ಮೂಗಿಗೆ ಬಟ್ಟೆ ಹಿಡಿದುಕೊಂಡು ಊಟ ಇಟ್ಟು ಬರುತ್ತಿದ್ದೆ. ಕೊಳೆತ ಆಲೂಗಡ್ಡೆಯ ಮೂಟೆ ಬಿಚ್ಚಿದಂಥ ನಾತ. ಬಿತ್ತನೆಯ ಹೊತ್ತಿನಲ್ಲಿ ನಾಯಿಯನ್ನು ಹೊಲಕ್ಕೆ ಒಯ್ದು ಮುಳ್ಳುತಂತಿಗೆ ಸಿಕ್ಕಿಸಿದವನು ನೀನು, ನಾರುವುದನ್ನು ನನ್ನ ತಲೆಗೆ ಕಟ್ಟಿ ಹೋದವನೂ ನೀನು ಎಂದು ಬಯ್ದುಕೊಳ್ಳುತ್ತಿದ್ದೆ. ನಿನ್ನ ಅತ್ತಿಗೆಗೆ ನಾಯಿಕೂದಲು ಆಗುವುದಿಲ್ಲ ಎಂಬುದು ಗೊತ್ತಿದ್ದೂ.

ನಾಲ್ಕನೆಯ ದಿನ ಅದು ತಟ್ಟೆ ಮುಟ್ಟಲಿಲ್ಲ. ಬಗ್ಗಿ ನೋಡಿದರೆ ಪಾದ ಹುದುಗೆದ್ದ ಹಿಟ್ಟಿನ ಹಾಗೆ ಊದಿತ್ತು. ಅಂಟಿಕೊಂಡಿದ್ದ ಕೂದಲನ್ನು ಕಡ್ಡಿಯಿಂದ ಸರಿಸಿದೆ. ಕೆಳಗೆ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. ಅಲ್ಲೇ ವಾಂತಿ ಮಾಡಿಕೊಂಡೆ. ನಾಯಿ ತಾನೇ ಏನೋ ತಪ್ಪು ಮಾಡಿದೆ ಎನ್ನುವ ಹಾಗೆ ನನ್ನ ಮುಖ ನೋಡುತ್ತ ಬಾಲವನ್ನು ನೆಲಕ್ಕೆ ಬಡಿಯಿತು.

ಕಂಬಳಿಯಲ್ಲಿ ಸುತ್ತಿ, ಪಿಕಪ್ಪಿನ ಮುಂದಿನ ಸೀಟಿನಲ್ಲೇ ಮಲಗಿಸಿ, ಕಿಟಕಿ ಎರಡೂ ಇಳಿಸಿಕೊಂಡು ಪಶುವೈದ್ಯೆ ಪೆಟ್ರಾಶಕ್ ಅವರ ಹತ್ತಿರ ಒಯ್ದೆ. ಅವರು ಕೂದಲು ಬೋಳಿಸಿದರು, ತೊಳೆದರು, ಚಿಮಟದಲ್ಲಿ ಹುಳ ಹೆಕ್ಕಿದರು. ಆಮೇಲೆ ಗಾಯದೊಳಗಿನಿಂದ ಏನನ್ನೋ ಎಳೆದು ಬಟ್ಟಲಿಗೆ ಹಾಕಿದರು. ನೀಲಿ ರಬ್ಬರ್ ಬ್ಯಾಂಡು.

"ಇದು ತಂತಿ ಗಾಯ ಅಲ್ಲ ಕಣಮ್ಮ. ಯಾರೋ ಕಟ್ಟಿದಾರೆ, ಬಿಚ್ಚೋದು ಮರ್ತಿದಾರೆ. ಮಾಂಸ ಕೊಯ್ಕೊಂಡು ಮೂಳೆವರೆಗೂ ಇಳಿದಿದೆ," ಎಂದರು. ಕಟ್ಟಿದ್ದು ಯಾರು ಎಂದೂ ಕೇಳಿದರು.

ಕಟ್ಟಿದ್ದು ನಾನು, ವೆಂಡೆಲ್. ಮೇ ಕೊನೆಯ ಮಳೆಯಲ್ಲಿ ಅದರ ಅಂಗಾಲಿಗೆ ಚಿಕ್ಕದೊಂದು ಗೀರಾಗಿತ್ತು. ನಾನು ಆಗಷ್ಟೇ ನೆಲ ಒರೆಸಿದ್ದೆ. ಕೆಸರು ಮೆತ್ತಬಾರದೆಂದು ಬ್ರೆಡ್ಡಿನ ಖಾಲಿ ಚೀಲ ತೊಡಿಸಿ ಬ್ಯಾಂಡು ಹಾಕಿದೆ. ಸಂಜೆ ಚೀಲವನ್ನು ಹರಿದು ಎಸೆದೆ. ಬ್ಯಾಂಡು ಕೂದಲಲ್ಲಿ ಹೂತುಹೋಗಿತ್ತು, ನಾನು ಹುಡುಕಲೂ ಇಲ್ಲ.

ಕಾಲು ಊದಿದೆ, ಬೆಳಿಗ್ಗೆ ತೋರಿಸಿಕೊಂಡು ಬರುತ್ತೇನೆ ಎಂದು ನೀನು ಹೇಳಿದ ಸಂಜೆಯೇ ಅಲ್ಲವೇ ನಾನು ಎಗರಾಡಿದ್ದು? ನಿನ್ನ ತಂತಿ, ನಿನ್ನ ನಾಯಿ, ನಿನ್ನ ಗಲೀಜು ಎಂದೆ. ನೀನು ಬೂಟು ಹಾಕಿಕೊಳ್ಳುತ್ತ, "ಈ ಮನೇಲಿ ನಾರ್ತಿರೋದು ನಾಯಿ ಅಲ್ಲ, ಆರ್ಡಿಸ್," ಅಂದೆ. ನಾಳೆಯೇ ಅದನ್ನು ವೈದ್ಯರಿಗೆ ತೋರಿಸು ಎಂದೂ ಹೇಳಿ ಹೋದೆ. ಮೊದಲನೆಯ ಮಾತಿಗೆ ಉರಿದುಕೊಂಡು ಎರಡನೆಯದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಈಗ ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ತೊಳೆದು ಪಟ್ಟಿ ಬದಲಾಯಿಸುತ್ತೇನೆ. ಕೀವು ಇನ್ನೂ ಸೋರುತ್ತದೆ. ಆದರೆ ಕೀವಿಗಿಂತ ನನ್ನ ಕೈಗಳನ್ನು ಕಂಡರೇ ಹೆಚ್ಚು ಹೇಸಿಗೆ. ಎಷ್ಟು ಸೋಪು ಹಾಕಿ ಉಜ್ಜಿದರೂ ಆ ನಾತ ಉಗುರಿನ ಸಂದಿಯಲ್ಲೇ ಕೂತ ಹಾಗಿದೆ. ಟಕ್ಕರ್ ಆ ಕೈಗಳನ್ನೇ ನೆಕ್ಕುತ್ತದೆ. ಬೇಡವೆಂದು ದೂಡಿದರೂ ಬಿಡುವುದಿಲ್ಲ. ಒಂದೊಂದು ಸಲ ಅದು ಕಚ್ಚಬಾರದೇ ಅನ್ನಿಸುತ್ತದೆ.

ಬಂದು ನೋಡಿಕೊಂಡು ಹೋಗು. ನನ್ನನ್ನಲ್ಲ, ಅದನ್ನು.

ಆರ್ಡಿಸ್

ತಾ.ಕ.: ಕಟ್ಟಿದ್ದು ಯಾರು ಎಂದು ವೈದ್ಯೆ ಕೇಳಿದಾಗ 'ನನ್ನ ಗಂಡ' ಎಂದುಬಿಟ್ಟೆ. ಬೆಕ್ಕಿಗೆ ಚುಚ್ಚುಮದ್ದು ಹಾಕಿಸಲು ಬಂದಿದ್ದ ಅಂಚೆ ಕಚೇರಿಯ ಫರ್ನ್ ಬಾಗಿಲಲ್ಲೇ ಇದ್ದಳು. ಇಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿರುತ್ತದೆ. ನಾಳೆ ಮೊದಲು ವೈದ್ಯೆಯ ಹತ್ತಿರ ಹೋಗಿ ನಿಜ ಹೇಳುತ್ತೇನೆ. ಆಮೇಲೆ ಈ ಲಕೋಟೆಯನ್ನು ಅಂಟಿಸದೆ ಫರ್ನಳ ಕೈಗೆ ಕೊಟ್ಟು, ಓದಿಯೇ ಅಂಟಿಸು ಎನ್ನುತ್ತೇನೆ.