ದೊಡ್ಡ ಮಗಳ ಎಣ್ಣೆ

ಮನೆಯಿಂದ
ಮಾರ್ಚ್ ೧೨, ಗುರುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆ ಆಯ್ತಾ? ಭಾವನ ಕೆಮ್ಮು ನಿಂತಿತಾ? ಇಲ್ಲಿ ಅಮ್ಮನ ಹಸಿವು ಚೆನ್ನಾಗಿದೆ, ಬಾಯಿ ಅದಕ್ಕಿಂತ ಚೆನ್ನಾಗಿದೆ.

ನೀನು ಕಳಿಸಿದ ಕ್ಯಾಲೆಂಡುಲಾ ಹೂವಿನ ಬೀಜ, ಕತ್ತರಿಸಿದ ಉಗುರಿನ ಹಾಗೆ ಬಾಗಿದ್ದವಲ್ಲ, ಒಂದೂ ಬಿಡದೆ ಹುಟ್ಟಿದವು. ಹಿತ್ತಿಲ ತುಂಬ ಕಿತ್ತಳೆ ಬಣ್ಣ. ಪಕ್ಕದ ಮನೆ ಮೇಷ್ಟ್ರು ಚೆಂಡುಹೂವಿನ ದಾಯಾದಿ ಅಂತ ನಗ್ತಾರೆ. ಬಾಡಿದ ಹೂ ಚಿವುಟಿದರೆ ಇನ್ನಷ್ಟು ಬಿಡುತ್ತೆ ಅಂತ ಬರೆದಿದ್ದೆಯಲ್ಲ, ಚಿವುಟಿದೆ. ಈಗ ರಕ್ತಬೀಜಾಸುರರ ಹಾಗೆ ಎದ್ದು ಬರ್ತಿವೆ! ಅದರ ಅಂಟು ಬೆರಳಿಗೆ ಹತ್ತಿ, ಯಾರೋ ಹೊಲಿಯೋಕೆ ಕೊಟ್ಟಿದ್ದ ಬಿಳಿ ಬಟ್ಟೆಗೆ ಕಲೆಯಾಗಿ, ಅವರಿಂದ ಬೈಸಿಕೊಂಡೆ.

ಎಸಳು ಬಿಡಿಸು, ನೆರಳಲ್ಲಿ ಒಣಗಿಸು, ಎಣ್ಣೆಯಲ್ಲಿ ನೆನೆಹಾಕು, ತಿಂಗಳು ಬಿಟ್ಟು ಸೋಸು. ಹೇಳುವವರಿಗೇನು! ಮೊದಲನೇ ಬಾಟಲಿ ಬೂಷ್ಟು ಹಿಡಿಯಿತು, ಹೂ ಸರಿಯಾಗಿ ಒಣಗಿರಲಿಲ್ಲವಂತೆ. ಎರಡನೆಯದು ಜೇನಿನ ಬಣ್ಣಕ್ಕೆ ಬಂತು. ಅಮ್ಮನ ಕಾಲಿನ ಹುಣ್ಣಿಗೆ ಹಚ್ಚೋಕೆ ಹೋದರೆ, ಪಟ್ಟಿ ಬದಲಿಸಲು ಬಂದಿದ್ದ ನರ್ಸಮ್ಮ ಕೈ ಹಿಡಿದು ನಿಲ್ಲಿಸಿದರು. "ಸಕ್ಕರೆ ಕಾಯಿಲೆಯ ಹುಣ್ಣು ಕಣಮ್ಮ, ಅದಕ್ಕೆ ಎಣ್ಣೆ ಬೇಡ. ಒಡೆದ ಅಂಗೈಗೆ ಬೇಕಾದ್ರೆ ಹಚ್ಚಿ." ಇಷ್ಟು ತಿಂಗಳ ಹೆಣಗಾಟ ಬರೀ ಅಂಗೈಗಾಯಿತು ನೋಡು.

ಅಮ್ಮನಿಗೇನೋ ಹಿತವಾಗಿದೆ. ಬಂದವರಿಗೆಲ್ಲ ಅಂಗೈ ಚಾಚಿ "ನನ್ನ ದೊಡ್ಡ ಮಗಳ ಎಣ್ಣೆ" ಅನ್ನುತ್ತಾಳೆ. ಬಿತ್ತಿದ್ದು ನಾನು, ಸೋಸಿದ್ದು ನಾನು, ದಿನಾ ಎತ್ತಿ ಕೂರಿಸಿ ಮೈ ಒರೆಸೋದು ನಾನು. ಹೆಸರು ನಿನ್ನದು! ಎರಡು ವರ್ಷದಿಂದ ಬರ್ತೀನಿ ಬರ್ತೀನಿ ಅಂತೀಯ, ಬರೋದು ಪಾರ್ಸೆಲ್ ಮಾತ್ರ. ಹೊಟ್ಟೆಕಿಚ್ಚು ಅಂದುಕೊಂಡರೆ ಅಂದುಕೋ, ಹೌದು, ಹೊಟ್ಟೆಕಿಚ್ಚೇ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ

ತಾ.ಕ.: ಬರೆಯಬೇಕಾದ್ದನ್ನೇ ಬರೆದಿಲ್ಲ. ಸೋಮವಾರ ಅಮ್ಮನ ಎರಡು ಕಾಲ್ಬೆರಳು ತೆಗೀಬೇಕಂತೆ, ಇಲ್ಲದಿದ್ದರೆ ಪಾದಕ್ಕೇ ಕುತ್ತು ಅಂದಿದ್ದಾರೆ ಡಾಕ್ಟರು. "ದೊಡ್ಡವಳು ಬರೋವರೆಗೂ ಯಾರೂ ನನ್ನ ಕಾಲು ಮುಟ್ಟಕೂಡದು" ಅಂತ ಹಟ ಹಿಡಿದಿದ್ದಳು. ನಿನ್ನೆ ಮಧ್ಯಾಹ್ನ ಮಂಪರಿನಲ್ಲಿ ನನ್ನ ಕೈ ಹಿಡಿದು "ದೊಡ್ಡವಳಾ? ಬಂದ್ಯಾ?" ಅಂದಳು. ಕಣ್ಣಿಗೂ ಪೊರೆ ಬಂದಿದೆಯಲ್ಲ. ನಾನು ಹೂಂ ಅಂದುಬಿಟ್ಟೆ ಅಕ್ಕಾ. ಆಪರೇಷನ್‌ಗೆ ತಕ್ಷಣ ಒಪ್ಪಿಕೊಂಡಳು. ಈ ಕಾಗದ ತರುವ ಡ್ರೈವರ್ ಶನಿವಾರ ಅಲ್ಲಿಂದ ವಾಪಸ್ ಹೊರಡ್ತಾನೆ, ಅದೇ ಗಾಡಿ ಹತ್ತು. ಮಂಪರು ಬಿಟ್ಟು ಎದ್ದಾಗಿನಿಂದ ದೊಡ್ಡವಳೆಲ್ಲಿ ಅಂತ ನನ್ನನ್ನೇ ಕೇಳ್ತಿದ್ದಾಳೆ. ಅಂಗಡಿಗೆ ಹೋಗಿದ್ದಾಳೆ ಅಂದಿದ್ದೀನಿ. ಎಷ್ಟು ದಿನ ಅಂತ ಅಂಗಡಿಯಲ್ಲೇ ಇರ್ತೀಯ?